ಕಪ್ಪು ಪರದೆಯ ಬಣ್ಣ, ಕನ್ನಡದ ಮನೆ



ಉಡುಪಿಯ ಬಳಿಯ ಅಲೆವೂರಿನಿಂದ ಮಣಿಪಾಲದ ಗುಡ್ಡ ಬಹಳ ದೂರವೇನಿಲ್ಲ. ಬೆಳಗಿನ ಬಸ್ಸು ಹಿಡಿದು ಅಲ್ಲಿನ ಕಾಲೇಜಿಗೆ ಹೋಗುವ ಅಲೆವೂರಿನ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಪ್ರಯೋಗಾಲಯದಲ್ಲಿ ಅವಳ ಮುಂದೆ ಒಂದು ಲಿನಕ್ಸ್ ಗಣಕವಿದೆ. ಅದರ ಪರದೆಯಲ್ಲಿ ಒಂದು ಕಪ್ಪು ಕಿಟಕಿ ತೆರೆದಿದೆ. ಅದಕ್ಕೆ ಟರ್ಮಿನಲ್ ಎಂದು ಹೆಸರು. ಅಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಗಣಕಕ್ಕೆ ಕೊಡುವ ಆಜ್ಞೆಯನ್ನು ಅಕ್ಷರಗಳಲ್ಲಿ ಬರೆಯಬೇಕು. ಗಣಕವೂ ಅಕ್ಷರಗಳಲ್ಲಿಯೇ ಉತ್ತರ ಕೊಡುತ್ತದೆ.

ಮೊದಲ ದಿನವೇ ಅವಳು ಆ ಕಿಟಕಿಯ ಬಣ್ಣ ಬದಲಾಯಿಸಿದಳು. ಕಪ್ಪು ಹೋಗಿ ಕಡುನೀಲಿ ಬಂತು; ಅಕ್ಷರಗಳು ಕೆನೆಬಣ್ಣಕ್ಕೆ ತಿರುಗಿದವು. ಮರುದಿನ ತನ್ನದೊಂದು ಕಡತಕ್ಕೆ 'ಕಾರ್ಕಳ' ಎಂದು ಹೆಸರಿಟ್ಟಳು. ಪರದೆಯ ಮೇಲೆ ಮೂಡಿದ್ದು ಒಡೆದ ಅಕ್ಷರಗಳ ಸಾಲು. ಅರ್ಕಾವೊತ್ತು ಕಾಣೆಯಾಗಿತ್ತು, ಅಕ್ಷರಗಳ ನಡುವೆ ಇಲ್ಲದ ತೆರಪು ಬಂದಿತ್ತು. ಬಣ್ಣ ಅವಳ ಮಾತು ಕೇಳಿತು, ಅಕ್ಷರ ಕೇಳಲಿಲ್ಲ. ಏಕೆ?

"ಕನ್ನಡ ಲಿಪಿ ತೊಡಕಿನದು, ಗಣಕಕ್ಕೆ ಒಗ್ಗುವುದಿಲ್ಲ" ಎಂಬ ಉತ್ತರವನ್ನು ನೀವೂ ಕೇಳಿರಬಹುದು. ಅದು ಸರಿಯಾದ ಉತ್ತರವಲ್ಲ. ಸರಿಯಾದ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಟರ್ಮಿನಲ್ಲಿಗೆ ಈ ರೂಪ ಯಾರಿಂದ ಬಂತು, ಅದರ ಉಡುಗೆಯನ್ನು ಬದಲಿಸುವ ಅಧಿಕಾರ ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ನೋಡಬೇಕು.

ಕಾಗದದಿಂದ ಗಾಜಿಗೆ

ಟರ್ಮಿನಲ್ ಎಂಬುದು ಮೊದಲು ಒಂದು ಕಿಟಕಿಯಾಗಿರಲಿಲ್ಲ, ಒಂದು ಯಂತ್ರವಾಗಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕೆಲಸಕ್ಕೆ ತೊಡಗಿದಾಗ, ಗಣಕದ ಜೊತೆ ಮಾತನಾಡಲು ಬಳಸುತ್ತಿದ್ದುದು ಟೆಲಿಟೈಪ್ ಯಂತ್ರವನ್ನು. ನಮ್ಮ ಟೈಪ್‌ರೈಟರಿನ ಹಾಗೆ ಸದ್ದು ಮಾಡುತ್ತಾ ಅದು ಕಾಗದದ ಸುರುಳಿಯ ಮೇಲೆ ಅಕ್ಷರ ಹೊಡೆಯುತ್ತಿತ್ತು. ಇಂದಿಗೂ ಲಿನಕ್ಸಿನ ಒಳಗೆ ಟರ್ಮಿನಲ್ಲಿಗೆ 'ಟಿಟಿವೈ' ಎಂಬ ಅಡ್ಡಹೆಸರು ಉಳಿದಿದೆ. ಅದು ಟೆಲಿಟೈಪಿನ ನೆನಪು.

ಬಳಿಕ ಕಾಗದದ ಜಾಗಕ್ಕೆ ಗಾಜಿನ ಪರದೆ ಬಂತು. 1978ರಲ್ಲಿ ಅಮೆರಿಕದ ಡಿಇಸಿ ಸಂಸ್ಥೆ ಹೊರತಂದ ವಿಟಿ100 ಎಂಬ ಟರ್ಮಿನಲ್ ಬಹಳ ಹೆಸರಾಯಿತು. ಅದರ ಪರದೆಯಲ್ಲಿ 24 ಸಾಲುಗಳು, ಒಂದೊಂದು ಸಾಲಿಗೆ 80 ಅಕ್ಷರಗಳು. ಈ 80ರ ಲೆಕ್ಕ ಇನ್ನೂ ಹಳೆಯದು. 1928ರಲ್ಲಿ ಐಬಿಎಂ ಸಂಸ್ಥೆ ರೂಪಿಸಿದ ರಂಧ್ರಪತ್ರದಲ್ಲಿಯೂ 80 ಕಂಬಸಾಲುಗಳಿದ್ದವು.

ಪರದೆಯನ್ನು ಚದುರಂಗದ ಹಾಸಿನ ಹಾಗೆ ಮನೆಮನೆಯಾಗಿ ಹಂಚಿದ್ದಾರೆ ಎಂದು ತಿಳಿಯಿರಿ. ಒಂದು ಮನೆಗೆ ಒಂದು ಅಕ್ಷರ. ಎಲ್ಲ ಮನೆಗಳ ಅಗಲವೂ ಒಂದೇ. ಟೈಪ್‌ರೈಟರಿನಲ್ಲಿ ರೋಮನ್ ಅಕ್ಷರಗಳನ್ನು ಒಂದೇ ಅಗಲದಲ್ಲಿ ಹೊಡೆದು ರೂಢಿಯಾಗಿದ್ದವರಿಗೆ ಇದು ಸಹಜವಾಗಿ ಕಂಡಿತು. ಯಾರೂ ಕನ್ನಡವನ್ನು ಹೊರಗಿಡಬೇಕೆಂದು ಹೀಗೆ ಮಾಡಲಿಲ್ಲ. ಕನ್ನಡ ಅವರ ಕಣ್ಣ ಮುಂದೆಯೇ ಇರಲಿಲ್ಲ. ಈ ಮನೆಗಳ ಲೆಕ್ಕವನ್ನು ನೆನಪಿನಲ್ಲಿಡಿ. ಮುಂದೆ ಇದೇ ನಮಗೆ ಎದುರಾಗುತ್ತದೆ.

ಬಣ್ಣಕ್ಕೊಂದು ಸಂಖ್ಯೆ

ಆ ಕಾಲದ ಪರದೆಗಳಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣ. ಗಾಜಿನ ಒಳಗೋಡೆಗೆ ಬಳಿದ ಲೇಪ ಯಾವುದೋ ಆ ಬಣ್ಣದಲ್ಲಿ ಅಕ್ಷರ ಹೊಳೆಯುತ್ತಿತ್ತು: ಕೆಲವು ಯಂತ್ರಗಳಲ್ಲಿ ಹಸಿರು, ಕೆಲವುಗಳಲ್ಲಿ ಬಿಳಿ, ಇನ್ನು ಕೆಲವುಗಳಲ್ಲಿ ಜೇನಿನ ಬಣ್ಣ. ಬಣ್ಣ ಬದಲಿಸಬೇಕಾದರೆ ಯಂತ್ರವನ್ನೇ ಬದಲಿಸಬೇಕಾಗಿತ್ತು.

ವರ್ಣಪರದೆಗಳು ಬಂದಾಗ ಒಂದು ಒಪ್ಪಂದ ಬೇಕಾಯಿತು. ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಕೆನ್ನೇರಳೆ, ಹಸಿರುನೀಲಿ, ಬಿಳಿ ಎಂಬ ಎಂಟು ಬಣ್ಣಗಳಿಗೆ ಕ್ರಮವಾಗಿ 30ರಿಂದ 37ರವರೆಗೆ ಸಂಖ್ಯೆಗಳನ್ನು ಕೊಟ್ಟರು. ಕ್ರಮವಿಧಿಯು ಒಂದು ವಿಶೇಷ ಸಂಕೇತದ ಜೊತೆಗೆ 31 ಎಂದು ಕಳುಹಿಸಿದರೆ ಮುಂದಿನ ಅಕ್ಷರಗಳು ಕೆಂಪು. 32 ಎಂದರೆ ಹಸಿರು. ಇವೇ ಎಂಟರ ಹೊಳಪಿನ ರೂಪಗಳೂ ಸೇರಿ ಬಣ್ಣಗಳು 16 ಆದವು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಕ್ರಮವಿಧಿ ಹೇಳುವುದು 'ಕೆಂಪು' ಎಂದಷ್ಟೇ. ಕುಂಕುಮದ ಕೆಂಪೋ, ದಾಸವಾಳದ ಕೆಂಪೋ, ಜಂಬಿಟ್ಟಿಗೆಯ ಕೆಂಪೋ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಟರ್ಮಿನಲ್. ನಮ್ಮ ಯಕ್ಷಗಾನದ ಉದಾಹರಣೆ ತೆಗೆದುಕೊಳ್ಳಿ. ಪ್ರಸಂಗದ ಪುಸ್ತಕದಲ್ಲಿ ರಾಕ್ಷಸನ ಪದ್ಯಗಳಿರುತ್ತವೆ, ನಡೆ ಇರುತ್ತದೆ. ಅವನ ಮುಖಕ್ಕೆ ಯಾವ ಬಣ್ಣ ಎಷ್ಟು ಬಳಿಯಬೇಕು ಎಂಬುದು ನಿರ್ಧಾರವಾಗುವುದು ಚೌಕಿಯಲ್ಲಿ, ಕಲಾವಿದನ ಕನ್ನಡಿಯ ಮುಂದೆ. ಬಡಗಿನ ವೇಷ ಬೇರೆ, ತೆಂಕಿನ ವೇಷ ಬೇರೆ; ಪ್ರಸಂಗ ಮಾತ್ರ ಅದೇ. ಹಾಗೆಯೇ ಟರ್ಮಿನಲ್ಲಿನ 16 ಸಂಖ್ಯೆಗಳಿಗೆ ಯಾವ ಯಾವ ಬಣ್ಣ ಎಂದು ಬರೆದಿಟ್ಟ ಪಟ್ಟಿಗೆ ಈಗ 'ಥೀಮ್' ಎನ್ನುತ್ತಾರೆ. ನಾವು ಅದನ್ನು ವೇಷಪಟ್ಟಿ ಎನ್ನಬಹುದು. 2011ರಲ್ಲಿ ಈಥನ್ ಸ್ಕೂನೋವರ್ ಎಂಬವರು ಪ್ರಕಟಿಸಿದ 'ಸೋಲರೈಜ್ಡ್' ಎಂಬ 16 ಬಣ್ಣಗಳ ಪಟ್ಟಿ ಇವುಗಳಲ್ಲಿ ಬಹಳ ಪ್ರಸಿದ್ಧವಾದುದು. ಅದರ ವಿಶೇಷವೆಂದರೆ ಕತ್ತಲೆಯ ಹಿನ್ನೆಲೆಗೂ ಬೆಳಕಿನ ಹಿನ್ನೆಲೆಗೂ ಅವೇ 16 ಬಣ್ಣಗಳು ಸಾಕಾಗುತ್ತವೆ.

ಶೈಲಿಹಾಳೆಯ ಹುಟ್ಟು

1984ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 'ಎಕ್ಸ್' ಎಂಬ ಕಿಟಕಿ ವ್ಯವಸ್ಥೆ ಆರಂಭವಾಯಿತು. ಅದರ ಜೊತೆಗೆ 'ಎಕ್ಸ್‌ಟರ್ಮ್' ಎಂಬ ತಂತ್ರಾಂಶ ಬಂತು. ಯಂತ್ರವಾಗಿದ್ದ ಟರ್ಮಿನಲ್ ಈಗ ಪರದೆಯೊಳಗಿನ ಒಂದು ಕಿಟಕಿಯಾಯಿತು. ಅದರ ಹಿನ್ನೆಲೆ, ಅಕ್ಷರದ ಬಣ್ಣ, ಅಕ್ಷರದ ಅಚ್ಚು ಇವನ್ನೆಲ್ಲ ಒಂದು ಪ್ರತ್ಯೇಕ ಕಡತದಲ್ಲಿ ಸಾಲುಸಾಲಾಗಿ ಬರೆದಿಡಬಹುದಾಗಿತ್ತು. ತಂತ್ರಾಂಶವನ್ನು ಮುಟ್ಟದೆ ಅದರ ಉಡುಗೆಯನ್ನು ಬದಲಿಸುವ ಸೌಕರ್ಯ ಹೀಗೆ ಬಂತು.

ಇದೇ ವಿಚಾರ ಇನ್ನೊಂದು ಕಡೆ ಹೆಚ್ಚು ಸ್ಪಷ್ಟವಾಗಿ ಬೆಳೆಯಿತು. 1994ರ ಅಕ್ಟೋಬರಿನಲ್ಲಿ ಹೋಕನ್ ವಿಯುಮ್ ಲೀ ಎಂಬ ನಾರ್ವೆಯ ತಂತ್ರಜ್ಞರು ಜಾಲಪುಟಗಳಿಗೆ ಶೈಲಿಹಾಳೆ ಎಂಬ ಕಲ್ಪನೆಯನ್ನು ಮುಂದಿಟ್ಟರು. ಬರ್ಟ್ ಬೋಸ್ ಅವರ ಜೊತೆಗೂಡಿದರು. 1996ರ ಡಿಸೆಂಬರಿನಲ್ಲಿ ಅದು 'ಸಿಎಸ್ಎಸ್' ಎಂಬ ಹೆಸರಿನಲ್ಲಿ ಮಾನಕವಾಯಿತು. ಶೈಲಿಹಾಳೆಯ ಒಂದೊಂದು ನಿಯಮವೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಯಾರಿಗೆ, ಯಾವ ಗುಣ, ಎಷ್ಟು. ಶೀರ್ಷಿಕೆಗೆ, ಬಣ್ಣ, ಕೆಂಪು. ಪ್ಯಾರಾಕ್ಕೆ, ಅಂಚು, 12 ಬಿಂದು. ಇಷ್ಟೇ ಅದರ ವ್ಯಾಕರಣದ ಮೂಲ.

ಆದರೆ ಆ ಕಲ್ಪನೆಯಲ್ಲಿದ್ದ ದೊಡ್ಡ ಮಾತು ಬೇರೆ. ಪುಟದ ರೂಪದ ಬಗ್ಗೆ ಬರೆದವನಿಗೆ ಮಾತ್ರವಲ್ಲ, ಓದುವವನಿಗೂ ಹಕ್ಕಿದೆ ಎಂದು ಅದು ಒಪ್ಪಿಕೊಂಡಿತು. ಬರೆದವನದೊಂದು ಹಾಳೆ, ಓದುವವನದೊಂದು ಹಾಳೆ. ಎರಡರ ನಿಯಮಗಳೂ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದು ಕೂಡುತ್ತವೆ. ಜಗಳವಾದಾಗ ಯಾರ ಮಾತು ನಡೆಯಬೇಕು ಎಂಬುದಕ್ಕೂ ನಿಯಮವಿದೆ. ಕಣ್ಣು ಮಂದವಾದ ಹಿರಿಯರಿಗೆ ದೊಡ್ಡ ಅಕ್ಷರ ಬೇಕು. ಕೆಂಪು ಮತ್ತು ಹಸಿರಿನ ಭೇದ ತಿಳಿಯದ ಕಣ್ಣುಳ್ಳವರಿಗೆ ಬೇರೆ ಜೋಡಿ ಬಣ್ಣ ಬೇಕು. ಅವರಿಗೆ ಶೈಲಿಹಾಳೆ ಅಲಂಕಾರದ ವಸ್ತುವಲ್ಲ; ಓದುವುದಕ್ಕೆ ಇರುವ ದಾರಿ.

2011ರಲ್ಲಿ ಬಂದ ಜಿಟಿಕೆ 3 ಎಂಬ ತಂತ್ರಾಂಶ ಸಂಗ್ರಹವು ಜಾಲಪುಟದ ಈ ಶೈಲಿಹಾಳೆಯನ್ನು ಲಿನಕ್ಸಿನ ಕಿಟಕಿಗಳಿಗೂ ತಂದಿತು. ಹೀಗಾಗಿ ಗ್ನೋಮ್ ಟರ್ಮಿನಲ್ಲಿನಂಥ ಕಿಟಕಿಯ ಅಂಚು, ಪಟ್ಟಿ, ಒಳತೆರಪು ಇವೆಲ್ಲವನ್ನೂ ಸಿಎಸ್ಎಸ್ ನಿಯಮಗಳಲ್ಲಿಯೇ ಬರೆಯಲು ಸಾಧ್ಯವಾಯಿತು. ಅಲೆವೂರಿನ ನಮ್ಮ ವಿದ್ಯಾರ್ಥಿನಿಗೆ ಬಣ್ಣ ಮಾತು ಕೇಳಿದ್ದು ಈ ಇತಿಹಾಸದ ಬಲದಿಂದ.

ಕರಾವಳಿಯ ಹಳೆಯ ಪಾಠ

ಇನ್ನು ಅಕ್ಷರದ ಕಡೆಗೆ ಬರೋಣ. ಯಂತ್ರದ ಮನೆಯೊಳಗೆ ಕನ್ನಡವನ್ನು ಕೂರಿಸುವ ಕಷ್ಟ ನಮ್ಮ ಕರಾವಳಿಗೆ ಹೊಸದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯಾದ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಕಲ್ಲಚ್ಚಿನಲ್ಲಿ ಕೈಬರಹವೇ ಕಲ್ಲಿಗೆ ಇಳಿಯುವುದರಿಂದ ಒತ್ತಕ್ಷರ, ದೀರ್ಘ ಯಾವುದೂ ತೊಂದರೆ ಕೊಡುವುದಿಲ್ಲ. 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಗಿ ಅಚ್ಚುಮೊಳೆಗಳಲ್ಲಿ 'ಕನ್ನಡ ಸಮಾಚಾರ' ಎಂದು ಮುದ್ರಣವಾಯಿತು. ಅಚ್ಚುಮೊಳೆಯಲ್ಲಿ ಅಕ್ಷರವನ್ನು ತುಂಡುತುಂಡಾಗಿ ಜೋಡಿಸಬೇಕು. ಮೇಲಿನ ಅಕ್ಷರಕ್ಕೊಂದು ಮೊಳೆ, ಕೆಳಗಿನ ಒತ್ತಿಗೊಂದು ಮೊಳೆ. ಆ ಕಷ್ಟವನ್ನು ನಮ್ಮ ಮುದ್ರಕರು ಗೆದ್ದರು. 1894ರಲ್ಲಿ ಕಿಟ್ಟೆಲ್ ಅವರ ಬೃಹತ್ ನಿಘಂಟು ಮಂಗಳೂರಿನಲ್ಲಿಯೇ ಮುದ್ರಣಗೊಂಡಿತು. ಲಿಪಿ ತೊಡಕಿನದು ಎಂದು ಯಾರೂ ಕೈಚೆಲ್ಲಲಿಲ್ಲ. ಮೊಳೆಗಳನ್ನು ಲಿಪಿಗೆ ತಕ್ಕಂತೆ ಮಾಡಿಕೊಂಡರು.

ಗಣಕದ ಕಾಲದಲ್ಲಿ ಈ ಕೆಲಸವನ್ನು ಮುಂದುವರಿಸಿದವರಲ್ಲಿ ಪ್ರಮುಖರು ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ, ಮುಂದೆ ಮಣಿಪಾಲದಲ್ಲಿ ನೆಲೆಸಿದ ಕೆ. ಪಿ. ರಾವ್. ಅವರು ರೂಪಿಸಿದ ಕೀಲಿಮಣೆಯಲ್ಲಿ ನಾವು ಒತ್ತುವುದು ಅಕ್ಷರದ ಆಕಾರವನ್ನಲ್ಲ, ಧ್ವನಿಯನ್ನು. 'ಅಕ್ಕ' ಎಂದು ಬರೆಯಲು 'ಅ', 'ಕ', ಕೂಡಿಸುವ ಕೀಲಿ, ಮತ್ತೆ 'ಕ' ಒತ್ತಿದರಾಯಿತು. ಒತ್ತಕ್ಷರದ ಆಕಾರವನ್ನು ಹುಡುಕಿ ತರುವುದು ಗಣಕದ ಕೆಲಸ. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಇಡೀ ವರ್ಣಮಾಲೆ ಅಡಗಿತು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ 'ಸೇಡಿಯಾಪು' ಎಂದು ಹೆಸರಿಟ್ಟರು. ಅವರ ಕೀಲಿಮಣೆಯ ವಿನ್ಯಾಸವನ್ನೇ ಅಲ್ಪ ಬದಲಾವಣೆಗಳೊಂದಿಗೆ ಕರ್ನಾಟಕ ಸರ್ಕಾರ ಅಂಗೀಕರಿಸಿತು. ಇಂದು ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಸಿಗುವುದು ಈ ವಿನ್ಯಾಸವೇ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು.

ನೋಡಿ, ಇಲ್ಲಿಯೂ ಅದೇ ವಿವೇಕವಿದೆ. ಹೇಳಬೇಕಾದ ಮಾತು ಒಂದು, ಅದು ತೊಡುವ ಆಕಾರ ಇನ್ನೊಂದು.

1991ರ ಮೂರು ಘಟನೆಗಳು

1991ನೆಯ ಇಸವಿ ನಮ್ಮ ಈ ಕಥೆಯಲ್ಲಿ ಮಹತ್ವದ್ದು. ಆ ವರ್ಷ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದರು. ವಿಶ್ವವಿದ್ಯಾಲಯದ ಗಣಕವನ್ನು ಮನೆಯಿಂದಲೇ ಸಂಪರ್ಕಿಸಲು ಅವರು ಬರೆದುಕೊಂಡ ಒಂದು ಟರ್ಮಿನಲ್ ತಂತ್ರಾಂಶವೇ ಬೆಳೆದು ಲಿನಕ್ಸ್ ಆಯಿತು ಎಂಬುದನ್ನು ನೀವು ತಿಳಿದಿರಬೇಕು.

ಅದೇ ವರ್ಷ ಭಾರತೀಯ ಮಾನಕ ಬ್ಯೂರೋ 'ಇಸ್ಕಿ' ಎಂಬ ಅಕ್ಷರ ಸಂಕೇತ ವ್ಯವಸ್ಥೆಯನ್ನು ಐಎಸ್ 13194 ಎಂಬ ಮಾನಕವಾಗಿ ಹೊರತಂದಿತು. ಇದು ಬಹಳ ಸ್ವಾರಸ್ಯದ ವ್ಯವಸ್ಥೆ. ಕನ್ನಡದ 'ಕ', ದೇವನಾಗರಿಯ 'ಕ', ಬಂಗಾಳಿಯ 'ಕ' ಎಲ್ಲಕ್ಕೂ ಒಂದೇ ಸಂಕೇತ. ಪಠ್ಯದ ಮುಂದೆ ಲಿಪಿಯನ್ನು ಸೂಚಿಸುವ ಒಂದು ಗುರುತು ಹಾಕಿದರೆ ಅದೇ ಪಠ್ಯ ಕನ್ನಡದಲ್ಲಿ ಕಾಣುತ್ತದೆ. ಗುರುತು ಬದಲಿಸಿದರೆ ತೆಲುಗಿನಲ್ಲಿ. ದಪ್ಪ ಅಕ್ಷರ, ಓರೆ ಅಕ್ಷರ, ಅಡಿಗೆರೆ ಇವುಗಳಿಗೂ ಅದೇ ಬಗೆಯ ಗುರುತುಗಳಿದ್ದವು. ಲೀ ಅವರ ಶೈಲಿಹಾಳೆಗಿಂತ ಮೂರು ವರ್ಷ ಮೊದಲೇ ನಮ್ಮ ದೇಶದಲ್ಲಿ ಲಿಪಿಯನ್ನೂ ಒಂದು ಉಡುಗೆಯೆಂದು ಭಾವಿಸಿದ ಮಾನಕವಿತ್ತು ಎಂದರೆ ತಪ್ಪಾಗದು.

ಮೂರನೆಯದು ಯುನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿ ಎಂಬ ಗುರಿಯ ಈ ವ್ಯವಸ್ಥೆಯ ಮೊದಲ ಆವೃತ್ತಿಯೂ 1991ರಲ್ಲಿಯೇ ಬಂತು. ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿತ್ತು. ಅಕ್ಷರಗಳ ಕ್ರಮವನ್ನು ಇಸ್ಕಿಯಿಂದಲೇ ತೆಗೆದುಕೊಳ್ಳಲಾಗಿತ್ತು.

ಹೀಗಿದ್ದರೂ 1990ರ ದಶಕದಲ್ಲಿ ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ನಡೆದದ್ದು ಬೇರೆ. ಅಂದಿನ ಹಲವು ಕನ್ನಡ ತಂತ್ರಾಂಶಗಳು ಧ್ವನಿಯ ಸಂಕೇತವನ್ನು ಕೂಡಿಡುತ್ತಿರಲಿಲ್ಲ. ಅಕ್ಷರದ ತುಂಡು ಆಕಾರಗಳನ್ನು, ತಲಕಟ್ಟು, ಕೊಂಬು, ಒತ್ತುಗಳನ್ನು, ರೋಮನ್ ಅಕ್ಷರಗಳ ಸ್ಥಾನದಲ್ಲಿ ತುಂಬಿಡುತ್ತಿದ್ದವು. ಒಬ್ಬೊಬ್ಬರದು ಒಂದೊಂದು ಕ್ರಮ. ಒಂದು ಗಣಕದಲ್ಲಿ ಬರೆದ ಪತ್ರವನ್ನು ಆ ಅಚ್ಚು ಇಲ್ಲದ ಇನ್ನೊಂದು ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಪಠ್ಯವೂ ಉಡುಗೆಯೂ ಒಂದಕ್ಕೊಂದು ಹೊಲಿದುಹೋದರೆ ಆಗುವ ಅನಾಹುತ ಇದು. ಉಡುಗೆ ಕಳಚಿದರೆ ಒಳಗಿನ ಮಾತೇ ಮಾಯ. ಆ ದಿನಗಳಲ್ಲಿ ಬರೆದಿಟ್ಟ ಎಷ್ಟೋ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಓದಲು ಸಾಧ್ಯವಾಯಿತು.

ಕಾರ್ಕಳ ಏಕೆ ಒಡೆಯಿತು?

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಅವಳ ಊರು 'ಅಲೆವೂರು'. ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನಲ್ಲಿ ಏಳು ಸಂಕೇತ: ಅ, ಲ, ಎತ್ವ, ವ, ಊಕಾರದ ಕೊಂಬು, ರ, ಉಕಾರದ ಕೊಂಬು. ಟರ್ಮಿನಲ್ ಇವಕ್ಕೆ ಎಷ್ಟು ಮನೆ ಕೊಡಬೇಕು? ನಾಲ್ಕೇ, ಏಳೇ? ನಿಜವಾದ ಅಗಲ ಎರಡೂ ಅಲ್ಲ. ನಮ್ಮ ಅಕ್ಷರಗಳಲ್ಲಿ ಕೆಲವು ಕಿರಿದು, ಕೆಲವು ಅಗಲ. ದೀರ್ಘ ಬಂದರೆ ಇನ್ನೂ ಅಗಲ.

'ಕಾರ್ಕಳ'ದ ಕಥೆ ಇನ್ನೂ ಸೊಗಸಾದುದು. ನಾವು ಮೊದಲು 'ರ್' ಎಂದು ಉಚ್ಚರಿಸಿ ಅನಂತರ 'ಕ' ಎನ್ನುತ್ತೇವೆ. ಬರೆಯುವಾಗ 'ಕ' ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಸಂಕೇತಗಳು ಕೂಡಿಟ್ಟಿರುವುದು ಉಚ್ಚಾರದ ಕ್ರಮದಲ್ಲಿ. ಅವುಗಳನ್ನು ಬರಹದ ಕ್ರಮಕ್ಕೆ ತಿರುಗಿಸಿ, ಕೂಡಿಸಿ, ಅಕ್ಷರವಾಗಿ ಕಟ್ಟಬೇಕು. ಜಾಲಪುಟ ತೋರಿಸುವ ತಂತ್ರಾಂಶ ಈ ಕೆಲಸವನ್ನು ಮಾಡುತ್ತದೆ. ಆದರೆ ಒಂದು ಸಂಕೇತ ಬಂದ ಕೂಡಲೆ ಅದನ್ನು ಒಂದು ಮನೆಯಲ್ಲಿ ಕೂರಿಸಿ ಮುಂದಕ್ಕೆ ಹೋಗುವ ಟರ್ಮಿನಲ್ಲಿಗೆ ಹಿಂದಿನ ಮನೆಗೂ ಮುಂದಿನ ಮನೆಗೂ ಸಂಬಂಧವೇ ಇಲ್ಲ. ಆದುದರಿಂದ 'ರ್' ಒಂದು ಮನೆಯಲ್ಲಿ, 'ಕ' ಪಕ್ಕದ ಮನೆಯಲ್ಲಿ ಉಳಿದು ಕಾರ್ಕಳ ಒಡೆಯುತ್ತದೆ.

ಇದು ಕನ್ನಡದ ದೋಷವಲ್ಲ. ಟೆಲಿಟೈಪಿನಿಂದ ಉಳಿದುಬಂದ ಮನೆಗಳ ಲೆಕ್ಕದ ದೋಷ. ವೇಷಪಟ್ಟಿಯಾಗಲಿ ಶೈಲಿಹಾಳೆಯಾಗಲಿ ಇದನ್ನು ಸರಿಪಡಿಸಲಾರದು. ಬಣ್ಣ ಎಷ್ಟು ಚೆನ್ನಾಗಿ ಬಳಿದರೂ ರಂಗಸ್ಥಳ ಕಿರಿದಾಗಿದ್ದರೆ ವೇಷಧಾರಿ ಕುಣಿಯುವುದೆಲ್ಲಿ? ರಂಗಸ್ಥಳವನ್ನೇ ಹಿಗ್ಗಿಸಬೇಕು. ಕೆಲವರು ಆ ಕೆಲಸಕ್ಕೆ ಕೈಹಾಕಿದ್ದಾರೆ. 'ಎಂಎಲ್‌ಟರ್ಮ್' ಎಂಬ ಬಹುಭಾಷಾ ಟರ್ಮಿನಲ್ ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟುಕೊಂಡಿದೆ. ಕೆಡಿಇ ಬಳಗದ 'ಕಾನ್ಸೋಲ್' ಕೂಡ ಒತ್ತಕ್ಷರಗಳನ್ನು ಹಲವು ಟರ್ಮಿನಲ್ಲುಗಳಿಗಿಂತ ಚೆನ್ನಾಗಿ ಕೂಡಿಸುತ್ತದೆ. ಮನೆಗಳ ಲೆಕ್ಕ ಮಾತ್ರ ಪೂರ್ತಿಯಾಗಿ ಇನ್ನೂ ಬಗೆಹರಿದಿಲ್ಲ.

ಇನ್ನೊಂದು ಮಾತು. ಅಲೆವೂರಿನ ಮನೆಮಾತು ತುಳು. ತುಳುನಾಡಿನ ತಾಳೆಗರಿಗಳಲ್ಲಿ ಬಳಕೆಯಾಗಿದ್ದ ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ಸ್ಥಾನ ಸಿಕ್ಕಿತು. ಸಂಕೇತ ಸಿಕ್ಕಿದೆ, ಅಚ್ಚುಗಳು, ಕೀಲಿಮಣೆ, ಪರದೆಯ ಮನೆ ಇವೆಲ್ಲ ಮುಂದಿನ ಕೆಲಸ. ಕನ್ನಡ ನಡೆದುಬಂದ ದಾರಿಯನ್ನೇ ಅದೂ ನಡೆಯಬೇಕಾಗಿದೆ.

ನೀವೇ ಮಾಡಿ ನೋಡಿ

ನಿಮ್ಮ ಶಾಲೆಯಲ್ಲಿ ಅಥವಾ ಮನೆಯಲ್ಲಿ ಲಿನಕ್ಸ್ ಗಣಕವಿದ್ದರೆ ಈ ಮೂರು ಪ್ರಯೋಗಗಳನ್ನು ಮಾಡಬಹುದು.

ಮೊದಲನೆಯದು, ಬಣ್ಣ. ಟರ್ಮಿನಲ್ಲಿನ ಆದ್ಯತೆಗಳನ್ನು ತೆರೆದು 16 ಬಣ್ಣಗಳ ಪಟ್ಟಿಯನ್ನು ನೋಡಿ. ಕೆಂಪಿನ ಜಾಗದಲ್ಲಿ ನಿಮಗೆ ಬೇಕಾದ ಕೆಂಪನ್ನು ಇಡಿ. ಎಲ್ಲ ಕ್ರಮವಿಧಿಗಳ 'ಕೆಂಪು' ಒಮ್ಮೆಗೇ ಬದಲಾಗುವುದನ್ನು ಗಮನಿಸಿ. ಹಿನ್ನೆಲೆಗೂ ಅಕ್ಷರಕ್ಕೂ ಸಾಕಷ್ಟು ಅಂತರವಿರಲಿ. ಅಜ್ಜನನ್ನೋ ಅಜ್ಜಿಯನ್ನೋ ಕರೆದು ಓದಲು ಬರುತ್ತದೆಯೇ ಎಂದು ಕೇಳಿ.

ಎರಡನೆಯದು, ಶೈಲಿಹಾಳೆ. ಜಿಟಿಕೆ 3 ಬಳಸುವ ಟರ್ಮಿನಲ್ ಆದರೆ, ನಿಮ್ಮ ಖಾತೆಯ 'ಡಾಟ್ ಕಾನ್ಫಿಗ್' ಕೋಶದೊಳಗಿನ 'ಜಿಟಿಕೆ-3.0' ಕೋಶದಲ್ಲಿ 'ಜಿಟಿಕೆ ಡಾಟ್ ಸಿಎಸ್ಎಸ್' ಎಂಬ ಕಡತವನ್ನು ಮಾಡಿ. ಅದರಲ್ಲಿ ಒಂದೇ ನಿಯಮ ಬರೆಯಿರಿ: 'ವಿಟಿಇ-ಟರ್ಮಿನಲ್' ಎಂಬುದಕ್ಕೆ, 'ಪ್ಯಾಡಿಂಗ್' ಎಂಬ ಗುಣ, 12 ಪಿಕ್ಸೆಲ್. ಯಾರಿಗೆ, ಯಾವುದು, ಎಷ್ಟು ಎಂಬ ಮೂರು ಉತ್ತರಗಳು ಅದರಲ್ಲಿವೆ. ಟರ್ಮಿನಲನ್ನು ಮುಚ್ಚಿ ಮತ್ತೆ ತೆರೆದಾಗ ಅಕ್ಷರಗಳು ಕಿಟಕಿಯ ಅಂಚಿನಿಂದ ಸರಿದು ನಿಂತಿರುತ್ತವೆ. ಬೇಡವೆಂದರೆ ಆ ನಿಯಮವನ್ನು ಅಳಿಸಿ. ಒಳಗಿನ ಒಂದು ಅಕ್ಷರವೂ ಕೆಡುವುದಿಲ್ಲ.

ಮೂರನೆಯದು, ಅಕ್ಷರ. ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ, ಲೋಹಿತ್ ಮುಂತಾದ ಕನ್ನಡ ಅಚ್ಚುಗಳು ಲಿನಕ್ಸಿಗೆ ಮುಕ್ತವಾಗಿ ಸಿಗುತ್ತವೆ. ಅವುಗಳಲ್ಲೊಂದನ್ನು ಹಾಕಿಕೊಂಡು ಉಡುಪಿ, ಕಾಪು, ಕಾರ್ಕಳ, ಅಲೆವೂರು ಎಂಬ ನಾಲ್ಕು ಹೆಸರುಗಳನ್ನು ಎರಡು ಬೇರೆ ಬೇರೆ ಟರ್ಮಿನಲ್ಲುಗಳಲ್ಲಿ ಬರೆದು ನೋಡಿ. ಯಾವುದು ಎಲ್ಲಿ ಒಡೆಯಿತು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಲಿನಕ್ಸಿನ ತಂತ್ರಾಂಶ ಎಲ್ಲರಿಗೂ ತೆರೆದಿರುವುದರಿಂದ ಈ ದೋಷವನ್ನು ಅದನ್ನು ರೂಪಿಸುವವರಿಗೆ ಬರೆದು ತಿಳಿಸಬಹುದು, ಕಲಿತರೆ ತಿದ್ದಲೂಬಹುದು.

ಅಲೆವೂರಿನ ಆ ವಿದ್ಯಾರ್ಥಿನಿ ತನ್ನ ಕಡತದ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಬೇಕಾಗಿಲ್ಲ. ಪರದೆಯ ಮೇಲೆ ಒಡೆದು ಕಂಡರೂ ಗಣಕದ ಒಳಗೆ 'ಕಾರ್ಕಳ' ಎಂಬ ಆರು ಸಂಕೇತಗಳು ಸರಿಯಾಗಿಯೇ ಇವೆ. ಮಾತು ಅಲ್ಲಿ ಕ್ಷೇಮವಾಗಿದೆ. ಅದಕ್ಕೆ ತಕ್ಕ ಮನೆ ಕಟ್ಟುವ ಕೆಲಸ ಮಾತ್ರ ಉಳಿದಿದೆ, ಮತ್ತು ಆ ಕೆಲಸಕ್ಕೆ ಕನ್ನಡವನ್ನು ಓದಿ ಬರೆಯಬಲ್ಲವರೇ ಬೇಕು.